ವಾಲ್ದೆಸೊಬ್ರಾದಲ್ಲಿ ನೋಡಲೇಬೇಕಾದ ಐದು ಜಾಗಗಳು

ಕಳೆದ ಯುಗಾದಿಗೆ ನೈರೋಬಿಯ ಕನ್ನಡದವರೆಲ್ಲ ಸೇರಿ ಮಾಡಿದ ಊಟದಲ್ಲಿ ನನ್ನ ಎದುರಿನ ಪಂಕ್ತಿಯಲ್ಲಿ ಕೂತಿದ್ದ ಹುಡುಗಿಯೊಬ್ಬಳು ಒಬ್ಬಟ್ಟು ಮುರಿಯುತ್ತಾ ಇಂಗ್ಲಿಷಿನಲ್ಲಿ ಕೇಳಿದಳು: 'ಆಂಟಿ, ನೀವು ಟ್ರಾವೆಲ್ ಕಂಟೆಂಟ್ ಕೆಲಸ ಮಾಡ್ತಿದ್ರಂತೆ. ಕುರ್ಚಿ ಬಿಟ್ಟೇಳದೆ ಪ್ರಪಂಚ ಸುತ್ತೋದು ಅಲ್ವಾ? ನನಗೂ ಅಂಥದೇ ಕಡೆ ಸೆಲೆಕ್ಷನ್ ಆಗಿದೆ.' ಅವಳ ಅಮ್ಮ ಪಕ್ಕದಲ್ಲಿ ಹೆಮ್ಮೆಯಿಂದ ನಗುತ್ತಿದ್ದರು. ನನಗೆ ಎಲೆಯ ಮುಂದೆ ಕೂತಲ್ಲೇ ಮೈ ಉರಿಯಿತು. ಹಬ್ಬದ ದಿನ ಯಾಕೆ ಎಂದು 'ಒಳ್ಳೇದಾಗ್ಲಿ ಕಣಮ್ಮ' ಎಂದಷ್ಟೇ ಹೇಳಿ ಸಾರಿಗೆ ಕೈ ಹಾಕಿದೆ. ಆ ಹುಡುಗಿಗೆ ಅಂದು ಹೇಳದೇ ಉಳಿಸಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ. ಅವಳು ಕನ್ನಡ ಓದಲಾರಳು. ಅವಳ ಅಮ್ಮ ಓದಿ ಹೇಳಲಿ.

ನಾನು ಹಿರಿಯೂರಿನ ಮೇಷ್ಟರೊಬ್ಬರ ಮಗಳು. ಮೈಸೂರಿನಲ್ಲಿ ಬಿ.ಎಡ್. ಮುಗಿಸಿ, ಡಾಕ್ಟರರೊಬ್ಬರ ಕೈ ಹಿಡಿದು ನೈರೋಬಿಗೆ ಬಂದು, ಪಾರ್ಕ್‌ಲ್ಯಾಂಡ್ಸಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಭೂಗೋಳ ಕಲಿಸಿದೆ. ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಕೂರಲಾರದೆ, 2011ರ ಸುಮಾರಿಗೆ ಸಿಬಿಡಿ ಎನ್ನುವ ನಡುಪೇಟೆಯ ಒಂದು ಕಚೇರಿ ಸೇರಿದೆ. ಯೂರೋಪಿನ ಯಾವುದೋ ಪ್ರವಾಸಿ ಜಾಲತಾಣಕ್ಕೆ ಊರೂರಿನ ವಿವರ ಬರೆದುಕೊಡುವ ಕಚೇರಿ ಅದು. ಒಂದೊಂದು ಊರಿಗೂ ಒಂದೊಂದು ಪುಟ. ಮೊದಲು ಭೂಗೋಳ, ಆಮೇಲೆ ಚರಿತ್ರೆ, ಕೊನೆಗೆ ನೋಡತಕ್ಕ ಜಾಗಗಳು. ಕೀನ್ಯಾದ ಹುಡುಗ ಹುಡುಗಿಯರು ಬರೆಯುತ್ತಿದ್ದರು, ನಾನು ತಿದ್ದುತ್ತಿದ್ದೆ. ಪುಟದ ಕೆಳಗೆ 'ಪರಿಶೀಲಿಸಿದವರು' ಎಂದು ನನ್ನ ಹೆಸರು, ಅದರ ಮುಂದೆ 'ಭೂಗೋಳ ತಜ್ಞೆ' ಎಂಬ ಬಾಲ. ಆ ಬಾಲ ನೋಡಿ ನಾನು ಮೊದಲ ತಿಂಗಳು ಉಬ್ಬಿಹೋಗಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಮೊದಲ ಎರಡು ವರ್ಷ ಕೆಲಸ ಕೆಲಸದಂತೆಯೇ ಇತ್ತು. ಸ್ಪೇನಿನ ಮೂಲೆಯ ಹಳ್ಳಿ ಎಂದರೆ ನಕ್ಷೆ ಹರಡಿಕೊಂಡು ಎತ್ತರ ಇಳಿಜಾರು ನೋಡುತ್ತಿದ್ದೆವು. ಆ ಊರಿನ ಪಂಚಾಯಿತಿಗೆ ಪತ್ರ ಬರೆದು, ಉತ್ತರ ಬರುವ ತನಕ ಕಾಯುತ್ತಿದ್ದೆವು. ತಪ್ಪುಗಳೂ ಆಗುತ್ತಿದ್ದವು. ನಮ್ಮ ಹುಡುಗನೊಬ್ಬ ಒಂದು ಹಳ್ಳಿಯಲ್ಲಿ 'ಗಿಜಿಗುಡುವ ವಾರದ ಸಂತೆ' ಇದೆ ಎಂದು ಬರೆದ, ನಾನೂ ಬಿಟ್ಟೆ. ಆ ಊರಿನ ಅಜ್ಜನೊಬ್ಬ ಪತ್ರ ಬರೆದ: 'ಗುರುವಾರ ಒಂದು ಮೀನಿನ ವ್ಯಾನು ಬರುತ್ತದೆ. ಅದರ ಸುತ್ತ ನಾಲ್ವರು ಮುದುಕಿಯರು ಮತ್ತು ಒಂದು ಬೆಕ್ಕು ನಿಲ್ಲುತ್ತಾರೆ. ಗಲಾಟೆ ಮಾಡುವುದು ಬೆಕ್ಕು ಮಾತ್ರ.' ನಾವೆಲ್ಲ ಹೊಟ್ಟೆ ಹಿಡಿದು ನಕ್ಕು, ಸಂತೆಯನ್ನು ತೆಗೆದು ಮೀನಿನ ವ್ಯಾನನ್ನು ಹಾಕಿದೆವು. ತಪ್ಪು ಮಾಡಿ ತಿದ್ದಿಕೊಳ್ಳುವುದಕ್ಕೆ ಆಗ ಪುರುಸೊತ್ತಿತ್ತು.

ಆಮೇಲೆ ಮ್ಯಾನೇಜರಾಗಿ ಪ್ರಶಾಂತ ಬಂದ. ಬೆಂಗಳೂರಿನ ಹುಡುಗ, ಚುರುಕು, ಮಾತಿನಲ್ಲಿ ಮಲ್ಲ. ಸಿರಿವಂತರ ಬಡಾವಣೆ ಸ್ಪ್ರಿಂಗ್ ವ್ಯಾಲಿಯಲ್ಲಿ ಮನೆ. ನನ್ನನ್ನು ಕಂಡ ದಿನವೇ 'ಅಯ್ಯೋ, ಕನ್ನಡದವರಾ ಮೇಡಂ! ಇನ್ನೇನು, ಮನೆ ಸಿಕ್ಕಿದ ಹಾಗಾಯ್ತು' ಎಂದು ಕೈ ಮುಗಿದ. ಹೆಂಡತಿ ಮಾಡಿದ ಚಟ್ನಿಪುಡಿ ತಂದುಕೊಟ್ಟ. ನನಗೂ ಹಿತವಾಯಿತು. ಕಚೇರಿಯಲ್ಲಿ ಕನ್ನಡ ಕೇಳಿ ಎಷ್ಟು ಕಾಲವಾಗಿತ್ತು.

ಆದರೆ ಅವನ ಜೊತೆ ನಿಯಮಗಳೂ ಬಂದವು. ದಿನಕ್ಕೆ ಇಷ್ಟು ಪುಟ ಆಗಲೇಬೇಕು. ಪಂಚಾಯಿತಿಗೆ ಒಂದು ಪತ್ರ ಬರೆಯಬಹುದು, ಎರಡನೆಯದು ಕೂಡದು. ಊರು ಎಷ್ಟೇ ಚಿಕ್ಕದಿರಲಿ, 'ನೋಡಲೇಬೇಕಾದ ಐದು ಜಾಗಗಳು' ಇರಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ, ಪುಟದಲ್ಲಿ ಎಲ್ಲಿಯೂ 'ಇಲ್ಲ', 'ಬೇಡ', 'ಎಚ್ಚರ' ಎಂಬ ಮಾತು ಬರಕೂಡದು. 'ನೆಗೆಟಿವ್ ಓದಿದ್ರೆ ಜನ ಪೇಜ್ ಕ್ಲೋಸ್ ಮಾಡ್ತಾರೆ ಮೇಡಂ. ರೂಮ್ ಬುಕ್ ಆಗಲ್ಲ' ಎನ್ನುತ್ತಿದ್ದ.

ಮುಚ್ಚಿಹೋದ ಮ್ಯೂಸಿಯಮ್ಮನ್ನು ಮುಚ್ಚಿದೆ ಎಂದು ಬರೆಯುವ ಹಾಗಿಲ್ಲ. 'ಹೊರಗಿನಿಂದ ನೋಡಲು ಬಲು ಸೊಗಸು' ಎಂದು ಬರೆಯಬೇಕು. ಕೋಟೆ ಬಿದ್ದುಹೋಗಿ ಒಂದು ಗೋಡೆ ಉಳಿದಿದ್ದರೆ 'ಕಲ್ಪನೆಗೆ ರೆಕ್ಕೆ ಕೊಡುವ ಕೋಟೆ'. ಬಸ್ಸು ಬರದ ಊರು 'ಜನಜಂಗುಳಿಯಿಂದ ದೂರ'. ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನಾವು ಕಟ್ಟಿ, ಅದರ ಹಾಲನ್ನೂ ಹೊಗಳಿ, ಕೆಳಗೆ ಸಹಿ ಹಾಕುತ್ತಿದ್ದೆವು. ನಾನು ಗೊಣಗುತ್ತಿದ್ದೆ, ಆದರೆ ಬಿಡಲಿಲ್ಲ. ಇಪ್ಪತ್ತಾರು ವರ್ಷ ಮಕ್ಕಳಿಗೆ 'ಸುಳ್ಳು ಬರೆದರೆ ಸೊನ್ನೆ' ಎಂದು ಹೆದರಿಸಿದವಳು ನಾನೇ.

ಇನ್ನು ವಾಲ್ದೆಸೊಬ್ರಾ ಎಂಬ ಊರಿನ ವಿಷಯ. ಇದು ಆ ಊರಿನ ನಿಜವಾದ ಹೆಸರಲ್ಲ. ಅವರಿಗೆ ನಮ್ಮಿಂದ ಆದದ್ದೇ ಸಾಕು, ಹೆಸರು ಹಿಡಿದು ಇನ್ನೂ ಕಾಡುವುದು ಬೇಡ.

ಅದನ್ನು ಬರೆಯಲು ಕೊಟ್ಟದ್ದು ಮ್ವೆಂದೆ ಎಂಬ ಹುಡುಗಿಗೆ. ಕೀನ್ಯಾದ ಒಣಸೀಮೆ ಕಿಟೂಯಿ ಕಡೆಯ ಕಂಬಾ ಜನಾಂಗದವಳು, ಭೂಗೋಳದಲ್ಲೇ ಪದವಿ. ಮಾತು ಕಡಿಮೆ. ನಾನು ಹಳೆಯ ಟೀಚರೆಂದು ತಿಳಿದಾಗಿನಿಂದ 'ಮ್ವಾಲಿಮು' ಎಂದೇ ಕರೆಯುತ್ತಿದ್ದಳು. ಇಲ್ಲಿ ಅದು ಟೀಚರಿಗೆ ಹೇಳುವ ಮರ್ಯಾದೆಯ ಮಾತು, ನಾವು ಮೇಷ್ಟ್ರೇ ಎಂದಂತೆ. ನಾವಿಬ್ಬರು ಆಡುತ್ತಿದ್ದುದು ಇಂಗ್ಲಿಷು, ನಡುನಡುವೆ ಸ್ವಾಹಿಲಿ. ಇಲ್ಲಿ ಅದನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ.

ಮ್ವೆಂದೆ ಬರೆದ ಪತ್ರಕ್ಕೆ ಆ ಊರಿನ ಪಂಚಾಯಿತಿ ಕಚೇರಿಯ ಗುಮಾಸ್ತೆ ಎಂಕಾರ್ನಾ ಎಂಬಾಕೆ ಮೂರು ಪುಟ ಉತ್ತರ ಬರೆದರು. ಅಂಥ ಉತ್ತರ ನನ್ನ ಕಾಲದಲ್ಲಿ ಇನ್ನೊಂದು ಬರಲಿಲ್ಲ. ಸ್ಪೇನಿನ ಆಗ್ನೇಯದ ಒಣ ಗುಡ್ಡಗಾಡು. ಸುಣ್ಣಕಲ್ಲಿನ ದಿಣ್ಣೆಯ ಮೇಲೆ ಒಂದರ ಹೆಗಲಿಗೊಂದು ಒರಗಿ ನಿಂತ ಬಿಳಿ ಮನೆಗಳು. ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಹೊಲಗಳಲ್ಲಿ ಬಾದಾಮಿ ಮರ. ಆ ಮೆಟ್ಟಿಲುಗಳನ್ನೂ ಊರ ನಡುವಿನ ನೀರಿನ ತೊಟ್ಟಿಯನ್ನೂ ಕಟ್ಟಿದವರು ನೂರಾರು ವರ್ಷಗಳ ಹಿಂದಿನ ಮುಸಲ್ಮಾನ ರೈತರು. ಅವರನ್ನು ಓಡಿಸಿದರು. ಬೇರೆ ಕಡೆಯಿಂದ ಬಂದು ನೆಲೆಸಿದವರಿಗೆ ತೊಟ್ಟಿಯ ಕಾಲುವೆ ಎಲ್ಲಿಂದ ಬರುತ್ತದೆಂದು ತಿಳಿಯಲು ಎರಡು ತಲೆಮಾರು ಹಿಡಿಯಿತಂತೆ. ಗುಡ್ಡದ ಒರಟು ಹುಲ್ಲಿನಿಂದ ಹಗ್ಗ ಹೊಸೆದು ಮಾರಿ ಊರು ಬದುಕಿತು. ಹಗ್ಗ ಕೇಳುವವರಿಲ್ಲದಾದಾಗ ಹರೆಯದವರು ಕಡಲತೀರದ ಹೋಟೆಲುಗಳಿಗೆ ಕೆಲಸಕ್ಕೆ ಹೋದರು. ಶಾಲೆ ಮುಚ್ಚಿತು. 'ನಾನೀಗ ಕೂತು ಬರೆಯುತ್ತಿರುವುದು ನಾನು ಅಕ್ಷರ ಕಲಿತ ಕೋಣೆಯಲ್ಲೇ' ಎಂದು ಎಂಕಾರ್ನಾ ಬರೆದಿದ್ದರು.

ನೋಡುವ ಜಾಗಗಳು ನಾಲ್ಕು ಸಿಕ್ಕವು. ಗೋಪುರ ಅರ್ಧಕ್ಕೇ ನಿಂತ ಚರ್ಚು, ಆ ನೀರಿನ ತೊಟ್ಟಿ, ದಿಣ್ಣೆಯ ತುದಿಯಲ್ಲಿ ಕಲ್ಲು ಹಾಸಿದ ದುಂಡನೆಯ ಕಣಗಳು, ಮತ್ತು ತಗ್ಗಿನಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಮಾಡಿನ ಕಟ್ಟೆ. ಆ ಕಟ್ಟೆಯ ಮುಂದೆಯೇ ಅಗಲವಾದ ಮರಳು. ರಾಂಬ್ಲಾ ಎನ್ನುತ್ತಾರೆ, ವರ್ಷದ ಹೆಚ್ಚು ಕಾಲ ನೀರಿಲ್ಲದ ಹೊಳೆ. ಪತ್ರದ ಕೊನೆಗೆ ಎಂಕಾರ್ನಾ, 'ಹೊಳೆಯ ಬಗ್ಗೆ ಬೇಕಿದ್ದರೆ ಕೇಳಿ, ಅದು ದೊಡ್ಡ ಕಥೆ' ಎಂದಿದ್ದರು. ಮ್ವೆಂದೆ ಕೇಳೋಣವೆಂದಳು. ಎರಡನೆಯ ಪತ್ರ ಕೂಡದೆಂಬ ನಿಯಮವನ್ನು ನಾನೇ ನೆನಪಿಸಿದೆ.

ಅವಳು ತಂದುಕೊಟ್ಟ ಬರಹದಲ್ಲಿ ಒಂದು ಸಾಲಿತ್ತು: 'ಮರಳು ಒಣಗಿದೆ ಎಂದು ನಂಬಬೇಡಿ. ಇಲ್ಲಿ ಮೋಡವಿಲ್ಲದಿದ್ದರೂ ಮೇಲೆ ಗುಡ್ಡದಲ್ಲಿ ಮಳೆಯಾದರೆ ನೀರು ಬರುತ್ತದೆ. ಇಲ್ಲಿ ಗಾಡಿ ನಿಲ್ಲಿಸಬೇಡಿ, ತಂಗಬೇಡಿ.'

ನಾನು ಬರಹಗಳನ್ನು ಕಾಗದದ ಮೇಲೆ ತೆಗೆಸಿಕೊಂಡು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದೆ. ಶಾಲೆಯ ಚಾಳಿ, ಕಂಪ್ಯೂಟರಿನಲ್ಲಿ ನನಗೆ ತಪ್ಪು ಕಾಣುತ್ತಿರಲಿಲ್ಲ. ಪ್ರಶಾಂತ ಕಾಗದ ದಂಡವೆಂದು ಬೈಯುತ್ತಿದ್ದ. ಅಂದು ಪೆನ್ನು ಹಿಡಿದು ಕೇಳಿದೆ: 'ಇದಕ್ಕೆ ಆಧಾರ ಏನಮ್ಮ? ಆಕೆ ಪತ್ರದಲ್ಲಿ ಹೀಗೆ ಬರೆದಿಲ್ಲವಲ್ಲ.'

ಮ್ವೆಂದೆ ಆ ಪತ್ರದ ಜೊತೆ ಬಂದಿದ್ದ ಕಟ್ಟೆಯ ಫೋಟೋ ಎತ್ತಿ ತೋರಿಸಿದಳು. ಗೋಡೆಯ ಮೇಲೆ, ಆಳೆತ್ತರಕ್ಕೂ ಮೇಲೆ, ಕಲ್ಲಿನಲ್ಲಿ ಕೊರೆದ ಒಂದು ಅಡ್ಡ ಗೆರೆ.

'ನೀರು ಬಂದ ಗುರುತು ಮ್ವಾಲಿಮು. ನಮ್ಮೂರಿನ ಸೇತುವೆ ಮೇಲೂ ಇಂಥದ್ದಿದೆ. ಈ ಹೊಳೆ ಥೇಟು ನಮ್ಮದರ ಹಾಗೇ ಇದೆ. ನಮ್ಮಲ್ಲಿ ಹೆಂಗಸರು ಮರಳು ಬಗೆದು ನೀರು ತುಂಬ್ತಾರೆ. ಎಲ್ಲರೂ ಇಳಿಯಲ್ಲ. ಒಬ್ಬಳು ದಡದ ಮೇಲೆ ಕಿವಿಗೊಟ್ಟು ಕೂತಿರ್ತಾಳೆ. ಆ ನೀರು ಮೊದಲು ಕಿವಿಗೆ ಬರುತ್ತೆ, ಆಮೇಲೆ ಕಣ್ಣಿಗೆ. ಅವಳು ಕೂಗಿದ್ರೆ ಬಿಂದಿಗೆ ಬಿಟ್ಟು ಓಡಬೇಕು. ಯಾಕೆ, ಏನು ಅಂತ ಯಾರೂ ಕೇಳಲ್ಲ.'

'ಅದು ಗಾರೆಯವನು ಮಟ್ಟ ನೋಡಲು ಹಾಕಿದ ಗೆರೆ' ಎಂದೆ. ಎಷ್ಟು ಧೈರ್ಯವಾಗಿ ಎಂದೆ! ಆ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಕೆಂಪು ಗೀಟು ಎಳೆದು, ಪಕ್ಕದಲ್ಲಿ ಬರೆದೆ: 'ಇದು ಯೂರೋಪು, ಕಿಟೂಯಿ ಅಲ್ಲ.'

ನಿಯಮವಿತ್ತು ಎಂದು ನಾನು ತಪ್ಪಿಸಿಕೊಳ್ಳಬಹುದು. 'ಬೇಡಿ' ಎಂಬ ಮಾತು ಮೂರು ಸಲ ಬಂದಿತ್ತು, ಪ್ರಶಾಂತ ಹೇಗೂ ತೆಗೆಯುತ್ತಿದ್ದ. ಆದರೆ ನನ್ನ ಕೈ ಗೀಟೆಳೆದದ್ದು ನಿಯಮಕ್ಕಾಗಿ ಅಲ್ಲ. ಯೂರೋಪಿನ ಹೊಳೆ ಆಫ್ರಿಕದ ಹೊಳೆಯಂತೆ ಇದ್ದಕ್ಕಿದ್ದಂತೆ ನುಗ್ಗುವುದಿಲ್ಲ, ಅಲ್ಲಿನದೆಲ್ಲ ಹದ, ಇಲ್ಲಿನದೆಲ್ಲ ಅತಿ ಎಂದು ನಾನು ನಂಬಿದ್ದೆ. ಅದನ್ನೇ ಬೋರ್ಡಿನ ಮೇಲೆ ಬರೆದಿದ್ದೆ, ಮಕ್ಕಳು ಅದನ್ನೇ ಬರೆದರೆ ಅಂಕ ಕೊಟ್ಟಿದ್ದೆ. ಇದಕ್ಕಿಂತ ಮೈ ಉರಿಯುವ ವಿಷಯ ಇನ್ನೊಂದಿದೆ. ಹಿರಿಯೂರಿನಲ್ಲಿ ನಾನು ಚಿಕ್ಕವಳಿದ್ದಾಗ 'ಹಳ್ಳ ಬಂತು, ಹಳ್ಳ ಬಂತು' ಎಂದು ಯಾರೋ ಕೂಗಿದಾಗ ಮರಳಿನಲ್ಲಿ ಆಡುತ್ತಿದ್ದ ನನ್ನನ್ನು ಅಮ್ಮ ರಟ್ಟೆ ಹಿಡಿದು ದಡಕ್ಕೆ ಎಳೆದದ್ದುಂಟು. ಬಿಸಿಲು ಚುರುಗುಟ್ಟುತ್ತಿತ್ತು, ಒಂದು ಹನಿ ಮಳೆ ಇರಲಿಲ್ಲ. ಮೈಮೇಲೆ ಬಂದದ್ದನ್ನು ಮರೆತು ಪುಸ್ತಕದಲ್ಲಿದ್ದದ್ದನ್ನು ನಂಬಿದ ಭೂಗೋಳ ತಜ್ಞೆ ನಾನು.

ಮ್ವೆಂದೆ ಕಾಗದದ ಮೇಲಿನ ನನ್ನ ಮಾತನ್ನು ಓದಿದಳು. 'ಸವಾ, ಮ್ವಾಲಿಮು' ಎಂದಳು. ಆಯ್ತು ಎಂದರ್ಥ. ಕಾಗದ ನನ್ನ ಮೇಜಿನ ಮೇಲಿಟ್ಟು ಹೋದಳು. ನಾನದನ್ನು ಉಳಿದ ಕಾಗದಗಳ ಜೊತೆ ಡ್ರಾಯರಿಗೆ ಹಾಕಿದೆ.

ನಾಲ್ಕೇ ಜಾಗಗಳಿದ್ದುದರಿಂದ ಐದನೆಯದನ್ನು ಪ್ರಶಾಂತ ತಾನೇ ಹಾಕಿದ. ಮೇಲಿಂದ ತೆಗೆದ ಚಿತ್ರದಲ್ಲಿ ಮರಳು ಚೆನ್ನಾಗಿ ಕಂಡಿತಂತೆ. 'ವಿಶಾಲವಾದ ಮರಳಿನ ಬಯಲು. ಮನೆಮಂದಿಯೆಲ್ಲ ಗಾಡಿ ನಿಲ್ಲಿಸಿ, ನಕ್ಷತ್ರ ನೋಡುತ್ತಾ ತಂಗಲು ಹೇಳಿ ಮಾಡಿಸಿದ ಜಾಗ.' ನಾನು ಅದನ್ನು ಓದಿದೆನೋ, ಓದದೆ ಒಪ್ಪಿದೆನೋ, ಪ್ರಾಮಾಣಿಕವಾಗಿ ನೆನಪಿಲ್ಲ. ಸಹಿ ನನ್ನದೇ.

ಮುಂದಿನ ವರ್ಷ ಸೆಪ್ಟೆಂಬರ್ ಕೊನೆಗೆ ಎಂಕಾರ್ನಾ ಅವರ ಎರಡನೆಯ ಪತ್ರ ಬಂತು. ಪರದೇಶದ ಒಂದು ಸಂಸಾರ, ಇಬ್ಬರು ಮಕ್ಕಳೊಂದಿಗೆ, ಮನೆಯಂಥ ದೊಡ್ಡ ಗಾಡಿಯನ್ನು ಆ ಮರಳಿನ ಮೇಲೆ ನಿಲ್ಲಿಸಿಕೊಂಡಿತ್ತು. ಮಟಮಟ ಮಧ್ಯಾಹ್ನ ಹೊಳೆ ಬಂತು. ಊರವರು ಟ್ರ್ಯಾಕ್ಟರು, ಹಗ್ಗ ತಂದು ನಾಲ್ವರನ್ನೂ ಎಳೆದುಕೊಂಡರು. ಗಾಡಿ ಹೋಯಿತು. ಟ್ರ್ಯಾಕ್ಟರು ಓಡಿಸಿದ ಎಂಕಾರ್ನಾರ ತಮ್ಮನ ಕಾಲು ಎರಡು ಕಡೆ ಮುರಿಯಿತು. ಆ ತಾಯಿಯ ಚೀಲದಲ್ಲಿ ನಮ್ಮ ಪುಟದ ಅಚ್ಚು ಸಿಕ್ಕಿತಂತೆ, ಐದನೆಯ ಜಾಗಕ್ಕೆ ಸುತ್ತು ಹಾಕಿಟ್ಟದ್ದು.

'ಕಟ್ಟೆಯ ಗೋಡೆಯ ಗೆರೆ ನನ್ನ ಅಜ್ಜಿಯ ಕಾಲದ್ದು' ಎಂದು ಅವರು ಬರೆದಿದ್ದರು. 'ಅಂದು ಬಟ್ಟೆ ಒಗೆಯುತ್ತಿದ್ದ ಹನ್ನೊಂದು ಹೆಂಗಸರನ್ನು ಹೊಳೆ ತೆಗೆದುಕೊಂಡು ಹೋಯಿತು. ಹೊಳೆಯ ಬಗ್ಗೆ ಕೇಳಿ ಎಂದಿದ್ದೆ. ನೀವು ಕೇಳಲಿಲ್ಲ. ಆ ಸಾಲುಗಳನ್ನು ಬರೆದವರು ಯಾರು? ನನಗೆ ಒಂದು ಹೆಸರು ಬೇಕು.'

ಜಾಲತಾಣದವರೂ ಅದೇ ದಿನ ಅದನ್ನೇ ಕೇಳಿದರು. ಪ್ರಶಾಂತ ಮ್ವೆಂದೆಯನ್ನೂ ನನ್ನನ್ನೂ ಗಾಜಿನ ಕೋಣೆಗೆ ಕರೆದ. ನಾಲ್ಕು ಮಹಡಿ ಕೆಳಗೆ ಮಟಾಟು ಎಂಬ ಬಾಡಿಗೆ ವ್ಯಾನುಗಳ ಹಾರ್ನು ಕಿವಿ ಕೊರೆಯುತ್ತಿತ್ತು. ಅವನು ಇಂಗ್ಲಿಷಿನಲ್ಲಿ ಶುರುಮಾಡಿದ. ಈ ಪುಟ ಬರೆದವಳು ಮ್ವೆಂದೆ, ಅವಳ ಬರಹದಲ್ಲಿ ಎಚ್ಚರಿಕೆಯ ಮಾತು ಇರಲಿಲ್ಲ, ಇದು ಬೇಜವಾಬ್ದಾರಿ ಎಂದ.

'ಇತ್ತು. ನಾನು ಬರೆದಿದ್ದೆ' ಎಂದಳು ಮ್ವೆಂದೆ. 'ಮರಳು ಬಯಲು ನಾನು ಬರೆದದ್ದಲ್ಲ.'

'ಸಿಸ್ಟಮ್‌ನಲ್ಲಿ ಇರೋದು ಕೊನೆಯ ಆವೃತ್ತಿ ಒಂದೇ. ಅದರಲ್ಲಿ ನಿನ್ನ ಹೆಸರಿದೆ.'

ಅವಳು ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯುವುದರೊಳಗೆ ಪ್ರಶಾಂತ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, ನಗುಮುಖ ಮಾಡಿಕೊಂಡು ಕನ್ನಡದಲ್ಲಿ ಹೇಳಿದ: 'ಮೇಡಂ, ನೀವು ಸುಮ್ನಿದ್ಬಿಡಿ. ಕ್ಲೈಂಟ್‌ಗೆ ಒಂದು ಹೆಸ್ರು ಬೇಕು ಅಷ್ಟೆ. ಅವ್ಳು ಜೂನಿಯರ್, ನಾಳೆ ಇನ್ನೊಂದು ಕಡೆ ಸೇರ್ಕೋತಾಳೆ. ನಿಮ್ ಹೆಸ್ರು ಎಲ್ಲಾ ಪೇಜಲ್ಲೂ ಇದೆ, ಅದು ಕೆಟ್ರೆ ಪ್ರಾಜೆಕ್ಟೇ ಹೋಗುತ್ತೆ. ನಾವ್ ನಾವೇ ಅಲ್ವಾ?'

ನನ್ನ ತಾಯಿಭಾಷೆಯನ್ನು ನಾನು ಬಹಳ ಕಡೆ ಬಹಳ ಥರ ಕೇಳಿದ್ದೇನೆ. ಒಬ್ಬಳ ಕತ್ತಿಗೆ ಹಗ್ಗ ಹಾಕುವುದನ್ನು ಅವಳೆದುರೇ ಅವಳಿಗೆ ತಿಳಿಯದಂತೆ ಮಾತಾಡಿಕೊಳ್ಳಲು ಬಳಸಿದ್ದನ್ನು ಕೇಳಿದ್ದು ಅಂದೇ ಮೊದಲು. ಅವನು ಹಾಗೆ ಆಡಿದ್ದಕ್ಕೆ ನನಗೆ ಸಿಟ್ಟಿದೆ. ಆದರೆ ನಾನು ಅವನಿಗೆ ಕನ್ನಡದಲ್ಲೇ 'ಆಯ್ತು, ನೋಡೋಣ ಇರಿ' ಎಂದೆನಲ್ಲ, ಆ ಮೂರು ಮಾತಿನ ಮೇಲಿರುವ ಸಿಟ್ಟು ಇಂದಿಗೂ ಇಳಿದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಆಡಿ ನಕ್ಕವಳು, ಬರೆ ಹಾಕುವಾಗ ಎಮ್ಮೆಯ ಕೊಂಬು ಹಿಡಿದುಕೊಂಡಿದ್ದೆ.

ಮ್ವೆಂದೆ ನಮ್ಮಿಬ್ಬರ ಬಾಯನ್ನೇ ನೋಡುತ್ತಿದ್ದಳು. 'ನನ್ನ ವಿಷಯವೇ ಮಾತಾಡ್ತಿದ್ದೀರಿ' ಎಂದಳು.

ಸಂಜೆ ಕಾಫಿಯ ಹೊತ್ತಿಗೆ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಪ್ರಶಾಂತನ ಮೇಲೆ ಎರಡು ಬೈಗುಳ ಕೇಳಿಸಿಕೊಂಡು ಹಗುರಾಗೋಣವೆಂದಿತ್ತೇನೋ. ಅವರು ಲೋಟ ಕೆಳಗಿಟ್ಟು ಕೇಳಿದರು: 'ಆ ಗೀಟು ಎಳೆದಿದ್ದು ಯಾರು?'

'ನಾನೇ. ಆದ್ರೆ ಮರಳು ಬಯಲು ಅಂತ ಹಾಕಿದ್ದು ಅವನು.'

'ಅದನ್ನ ಕೇಳ್ಲಿಲ್ಲ ನಾನು. ಕತ್ತರಿ ಹಿಡಿದ ಕೈ ನಿಂದು, ಸೈನ್ ನಿಂದು. ನರ್ಸ್ ಮೇಲೆ ಹಾಕ್ಬಿಟ್ರೆ ನಾನು ಡಾಕ್ಟ್ರಾ? ಕಸಾಯಿಯವನು. ಆ ಕಾಗದ ಇದ್ಯೋ, ಹರಿದ್ಯೋ?'

'ಡ್ರಾಯರಲ್ಲಿದೆ.'

'ಹಂಗಿದ್ರೆ ನನ್ ಹತ್ರ ಏನ್ ಮಾತು ನಿಂಗೆ?' ಎಂದು ಎದ್ದು ಹೋದರು. ಮೂವತ್ತು ಚಿಲ್ಲರೆ ವರ್ಷದ ಸಂಸಾರದಲ್ಲಿ ಅವರು ನನ್ನ ಮೇಲೆ ಹಾಗೆ ರೇಗಿದ್ದು ಕಡಿಮೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಕಾಗದ ಹುಡುಕಿ ತೆಗೆದೆ. ಮ್ವೆಂದೆಯ ಸಾಲು, ಮೇಲೆ ನನ್ನ ಗೀಟು, ಪಕ್ಕದಲ್ಲಿ ನನ್ನ ಅಕ್ಷರ. ಅವಳನ್ನು ಉಳಿಸುವ ಸಾಕ್ಷಿ ಅದೊಂದೇ, ನನ್ನನ್ನು ಹಿಡಿದುಕೊಡುವ ಸಾಕ್ಷಿಯೂ ಅದೇ. ಹಿಂದಿನ ದಿನ ಆ ಗಾಜಿನ ಕೋಣೆಯಲ್ಲಿ ನನಗೆ ಅದರ ನೆನಪು ಚೆನ್ನಾಗಿಯೇ ಇತ್ತು. ಮರೆತಿದ್ದೆ ಎಂದು ಬರೆದುಕೊಂಡರೆ ಯಾರಿಗೆ ತಿಳಿಯುತ್ತದೆ? ಆದರೂ ಬರೆಯುವುದಿಲ್ಲ.

ಪ್ರಶಾಂತ ಬಂದ ತಕ್ಷಣ ಅವನ ಮೇಜಿನ ಮೇಲೆ ಇಟ್ಟೆ. ಓದಿದ. 'ಅವ್ಳಿಗೆ ನಿನ್ನೆ ಸಂಜೆನೇ ಟರ್ಮಿನೇಶನ್ ಲೆಟರ್ ಕೊಟ್ಟಾಯ್ತು ಮೇಡಂ. ಕ್ಲೈಂಟ್‌ಗೂ ಹೆಸ್ರು ಕಳ್ಸಿ ಆಯ್ತು. ಇದನ್ನ ಹರಿದು ಬಿಸಾಕಿ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು ಅಂತ ನಾನು ಒದ್ದಾಡ್ತಿದ್ರೆ, ನೀವು...'

ಅಂದು ಮೊದಲ ಬಾರಿಗೆ ನಾನು ಪ್ರಶಾಂತನಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ಕ್ಲಾಸಿನ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ. ಎಚ್ಚರಿಕೆಯ ಸಾಲನ್ನು ಬರೆದದ್ದು ಮ್ವೆಂದೆ, ಹೊಡೆದುಹಾಕಿದ್ದು ನಾನು, ಆ ಜಾಗದಲ್ಲಿ ಸುಳ್ಳು ಬರೆದದ್ದು ನೀನು ಎಂದೆ. ಇಡೀ ಮಹಡಿಯಲ್ಲಿ ಕೀಲಿಮಣೆಯ ಸದ್ದು ನಿಂತಿತು. ಮಧ್ಯಾಹ್ನದೊಳಗೆ ಕಾಗದದ ಫೋಟೋ ತೆಗೆದು ಜಾಲತಾಣದವರಿಗೂ ಎಂಕಾರ್ನಾರಿಗೂ ಕಳಿಸಿದೆ. ಕೆಳಗೆ ನನ್ನ ಪೂರ್ತಿ ಹೆಸರು ಬರೆದೆ, ಬಾಲವನ್ನು ಬಿಟ್ಟು.

ಜಾಲತಾಣದವರು 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಎಂದು ಉತ್ತರಿಸಿದರು. ಅಭಿಪ್ರಾಯವಂತೆ! ಒಬ್ಬನ ಕಾಲು ಮುರಿದಿದೆ, ಒಬ್ಬಳ ಕೆಲಸ ಹೋಗಿದೆ, ಇದು ನನ್ನ ಅಭಿಪ್ರಾಯ! ಆ ಪುಟಕ್ಕೆ ಮ್ವೆಂದೆಯ ಸಾಲನ್ನು ಸೇರಿಸಿ ಎಂದು ನಾನು ಐದಾರು ಸಲ ಬರೆದೆ. ಕೊನೆಗೆ ಅವರು ಪುಟವನ್ನೇ ತೆಗೆದುಹಾಕಿದರು. ಎಚ್ಚರಿಕೆ ಹಾಕಿದರೆ ನೆಗೆಟಿವ್ ಆಗುತ್ತದಲ್ಲ. ಚರ್ಚು, ತೊಟ್ಟಿ, ಕಣ, ಆ ರೈತರು, ಹಗ್ಗ ಹೊಸೆದವರು, ಶಾಲೆಯ ಕೋಣೆಯಲ್ಲಿ ಕೂತು ಮೂರು ಪುಟ ಬರೆದ ಆಕೆ, ಎಲ್ಲವೂ ಒಂದು ಗುಂಡಿ ಒತ್ತಿದ್ದಕ್ಕೆ ಹೋಯಿತು. ಮೂರು ವಾಕ್ಯ ಸೇರಿಸುವುದಕ್ಕಿಂತ ಒಂದು ಊರನ್ನು ಅಳಿಸುವುದು ಅವರಿಗೆ ಸುಲಭವಾಗಿ ಕಂಡಿತು.

ಎಂಕಾರ್ನಾರ ಉತ್ತರ ಎರಡೇ ಸಾಲು. 'ಸತ್ಯ ಹೇಳಿದ್ದಕ್ಕೆ ನಿಮ್ಮನ್ನು ಕ್ಷಮಿಸಬೇಕೆಂದು ನನಗೆ ಅನಿಸುತ್ತಿಲ್ಲ. ಆ ಹುಡುಗಿಗೆ ಹೇಳಿ, ನಮ್ಮ ಊರನ್ನು ನೋಡದೆಯೇ ಬಲ್ಲವಳು ಅವಳು.'

ಮ್ವೆಂದೆಯನ್ನು ಕಚೇರಿಯವರು ವಾಪಸು ಕರೆಯಲಿಲ್ಲ. ನನ್ನನ್ನು ತೆಗೆಯಲೂ ಇಲ್ಲ. ಕಾಗದದಲ್ಲಿದ್ದ ತಪ್ಪು ಯಾರದೆಂದು ಊರಿಗೆಲ್ಲ ಸಾರಿದ ಮೇಲೂ ನನ್ನ ಕುರ್ಚಿ ನನಗೇ ಇತ್ತು. ತಿಂಗಳು ನೋಡಿ ನಾನೇ ರಾಜೀನಾಮೆ ಕೊಟ್ಟೆ. ಪ್ರಶಾಂತ ಕೇಕ್ ತರಿಸಿ, ನಾನು ವಯಸ್ಸಿನ ಕಾರಣಕ್ಕೆ ನಿವೃತ್ತಿಯಾಗುತ್ತಿರುವುದಾಗಿ ಭಾಷಣ ಮಾಡಿದ. ನಾನು ಕೇಕ್ ಮುಟ್ಟಲಿಲ್ಲ. ಅಷ್ಟು ಮಾತ್ರದ ಪೌರುಷ ನನ್ನದು.

ಕೆಲವು ವಾರಗಳ ನಂತರ ಮ್ವೆಂದೆ ಫೋನು ಮಾಡಿ, ಸಿಗಬಹುದೇ ಎಂದಳು. ಸಿಬಿಡಿಯ ಒಂದು ಚಹಾದಂಗಡಿಯಲ್ಲಿ ಕೂತೆವು. ಎಂಕಾರ್ನಾರ ಮಾತು ಓದಿ ಹೇಳಿದೆ. ಅವಳು ತಲೆದೂಗಿದಳು. ನಾನು ಕ್ಷಮೆ ಕೇಳಿದೆ. ಅದಕ್ಕೂ ತಲೆದೂಗಿದಳು.

'ಆ ಕಾಗದ ನಿಮ್ಮ ಹತ್ರ ಇದೆಯಾ ಮ್ವಾಲಿಮು? ನನಗೆ ಬೇಕಿತ್ತು.'

'ಇದೆ, ತಂದಿದ್ದೀನಿ. ವಕೀಲರ ಹತ್ರ ಹೋಗ್ತೀಯಾ? ಹೋಗು. ಎಲ್ಲಿಗೆ ಕರೆದರೂ ಬಂದು ಸಾಕ್ಷಿ ಹೇಳ್ತೀನಿ.'

'ವಕೀಲರು ಬೇಡ. ನಮ್ಮೂರ ಹತ್ತಿರದ ಶಾಲೆಯಲ್ಲಿ ಕೆಲಸ ಸಿಕ್ಕಿದೆ, ಭೂಗೋಳ. ಮೊದಲನೇ ಪಾಠಕ್ಕೆ ಇದನ್ನ ತೋರಿಸ್ಬೇಕು.'

ನನ್ನ ಕೆಂಪು ಅಕ್ಷರ ಕಿಟೂಯಿಯ ಮಕ್ಕಳ ಕೈಯಿಂದ ಕೈಗೆ ಹೋಗುವುದು ಕಣ್ಣಿಗೆ ಕಟ್ಟಿತು. ಆದರೂ ಹೇಳಿದೆ: 'ತೋರಿಸು. ಬರೆದದ್ದು ಯಾರು ಅಂತ ನನ್ನ ಹೆಸರೂ ಹೇಳು.'

'ಹೆಸರು ಹೇಳಲ್ಲ' ಎಂದಳು. 'ಒಬ್ಬ ಒಳ್ಳೆಯ ಟೀಚರ್ ಇದನ್ನ ಹೊಡೆದುಹಾಕಿದ್ರು ಅಂತ ಹೇಳ್ತೀನಿ. ಕೆಟ್ಟ ಟೀಚರ್ ಅಂದ್ರೆ ಮಕ್ಕಳು ಎಚ್ಚರವಾಗಲ್ಲ.'

ನಾನು ಕಾಗದ ಕೊಟ್ಟೆ. ಅವಳು ಅದನ್ನು ಮಡಿಸದೆ, ತಂದಿದ್ದ ಫೈಲಿನೊಳಗೆ ನೇರವಾಗಿ ಇಟ್ಟುಕೊಂಡಳು.